ಬಾಣಂತಿಗೆ ಹೇಳಬಾರದ ಸುದ್ದಿ

ಜೂನ್ 26, ಗುರುವಾರ

ಗಂಟೆ ಮೂರೂ ಹತ್ತು. ಎಬ್ಬಿಸಿದ್ದು ಮಗುವಲ್ಲ, ಫ್ರಿಜ್ಜು. ಅದರ ಹೊಟ್ಟೆಯೊಳಗಿನ ಐಸ್ ಮೇಕರ್ ಇನ್ನೊಂದು ಕಂತು ತಯಾರಿಸಿ ದಡದಡನೆ ಡಬ್ಬಿಗೆ ಸುರಿಯಿತು. ಈ ಮನೆಯಲ್ಲಿ ಐಸ್ ಹಾಕಿಕೊಂಡು ಏನನ್ನೂ ಕುಡಿಯುವವರಿಲ್ಲ. ಆದರೂ ಅದು ಮಾಡುತ್ತಲೇ ಇರುತ್ತದೆ, ಹಿಮಾಲಯದಲ್ಲಿ ಕರಗಿದ್ದನ್ನೆಲ್ಲ ಶಿಕಾಗೋ ಪಕ್ಕದ ವುಡ್‌ರಿಡ್ಜಿನ ಈ ಅಡುಗೆಮನೆಯಲ್ಲೇ ತುಂಬಿಕೊಡುತ್ತೇನೆಂದು ಹರಕೆ ಹೊತ್ತ ಹಾಗೆ.

ಮಗು ಮಲಗಿದೆ. ಅದು ಮಲಗಿದಾಗ ನೀನೂ ಮಲಗು ಎಂದು ಹೇಳದವರಿಲ್ಲ. ಹೇಳಿದವರೆಲ್ಲ ತಾವು ಮಲಗಿದ್ದಾರೆ. ಆಸ್ಪತ್ರೆಯ ನರ್ಸು ಮಾತ್ರ ಬೇರೆ ಹೇಳಿದ್ದಳು: ನಿದ್ದೆ ಬರದಿದ್ದರೆ ತಲೆಯಲ್ಲಿದ್ದದ್ದನ್ನು ಬರೆದುಬಿಡು, ಯಾರಿಗೂ ತೋರಿಸಬೇಡ. ಬರೆಯುತ್ತಿದ್ದೇನೆ. ತಲೆಯಲ್ಲಿ ಸಿಟ್ಟು ಬಿಟ್ಟರೆ ಬೇರೇನೂ ಸಿಗುತ್ತಿಲ್ಲ.

ನನ್ನ ಗಂಡ ವೀರೇಶನ ತಾಯಿ ಬಾಣಂತನಕ್ಕೆಂದು ಗದಗಿನಿಂದ ಬಂದಿಳಿದ ದಿನದಿಂದ ನನ್ನ ಕಿವಿ ನನ್ನದಲ್ಲ. ಹತ್ತಿ ತುರುಕಿ, ಮೇಲೊಂದು ಹಳೆಯ ಇಳಕಲ್ ಸೀರೆಯ ತುಂಡನ್ನು ಸುತ್ತಿ, ಗದ್ದದ ಕೆಳಗೆ ಗಂಟು ಬಿಗಿಯುತ್ತಾರೆ. ಹೊರಗೆ ತೊಂಬತ್ನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ಒಳಗೆ ಎಸಿ ಬಂದ್. "ಬಾಣಂತಿ ಕಿವ್ಯಾಗ ಗಾಳಿ ಹೊಕ್ಕರ ಮುಪ್ಪಿನ್ಯಾಗ ಗೊತ್ತಾಕ್ಕೈತಿ ನೋಡವಾ" ಎನ್ನುತ್ತಾರೆ. ನನ್ನ ಮುಪ್ಪಿನ ಹೊತ್ತಿಗೆ ಈ ಗಾಳಿ ಎಷ್ಟು ಕಾದಿರುತ್ತದೆ ಎಂದು ಇವರಿಗೆ ಯಾರು ಹೇಳಬೇಕು? ಹೆರಿಗೆಯಾದ ದಿನ ನರ್ಸು ದೊಡ್ಡ ಮಗ್ಗಿನ ತುಂಬ ಐಸ್ ನೀರು ತಂದಿಟ್ಟರೆ ಇವರು ಅದನ್ನು ಸಿಂಕಿಗೆ ಸುರಿದು, "ಬಾಣಂತೀನ ಕೊಲ್ಲಾಕ ನಿಂತಾರಿವರು" ಎಂದಿದ್ದರು. ನರ್ಸು ನನ್ನ ಮುಖ ನೋಡಿದಳು. ನಾನು ನಕ್ಕೆ. ಆಗಿನ್ನೂ ನಗು ಬರುತ್ತಿತ್ತು.

ಇನ್ನು ವೀರೇಶ. ಮಗು ಬರುತ್ತದೆಂದು ಮೂರು ಸಾಲು ಸೀಟಿನ ಗಾಡಿ ತಂದು ಗರಾಜಿನಲ್ಲಿ ನಿಲ್ಲಿಸಿದ್ದಾನೆ. ಏಳು ಪೌಂಡಿನ ಮಗುವಿಗೆ ಎಂಟು ಜನ ಕೂರುವ ಗಾಡಿ. ಕೇಳಿದರೆ "ಸೇಫ್ಟಿ" ಅಂದ. ಅವನ ಕೆಲಸವೂ ಅದೇ, ಪಿಕಪ್ ಟ್ರಕ್ಕುಗಳ ಇಂಜಿನ್ನು. ಅವನ ಹತ್ತಿರ ಇಂಜಿನ್ನಿನ ಮಾತಾಡುವುದೂ ಪೂಜಾರಿಯ ಹತ್ತಿರ ದೇವರಿದ್ದಾನೋ ಇಲ್ಲವೋ ಎಂದು ವಾದಿಸುವುದೂ ಒಂದೇ.

ಭಾನುವಾರ ವರ್ಷಾ ಕಳಿಸಿದ್ದ ಫೋಟೊವನ್ನು ಸಂಜೆ ಮತ್ತೆ ಮತ್ತೆ ತೆಗೆದು ನೋಡಿದೆ. ನನ್ನ ತಂಗಿ ಡೆಹ್ರಾಡೂನಿನ ಒಂದು ಸಂಸ್ಥೆಯಲ್ಲಿ ಹಿಮನದಿಗಳನ್ನು ಅಳೆಯುತ್ತಾಳೆ. ಅಪ್ಪ ಅಮ್ಮ ಹೋದ ಮೇಲೆ ನನಗೆ ಅವಳು, ಅವಳಿಗೆ ನಾನು. ಹಿಮದಲ್ಲಿ ಆವಿಯಿಂದ ತೂತು ಕೊರೆದು ಉದ್ದನೆಯ ಬಿದಿರಿನ ಕೋಲು ಇಳಿಸಿ ಬರುತ್ತಾರೆ. ಮುಂದಿನ ವರ್ಷ ಹೋಗಿ ಕೋಲು ಎಷ್ಟು ಹೊರಬಂದಿದೆ ನೋಡಿದರೆ ಅಷ್ಟು ಹಿಮ ಹೋಯಿತೆಂದು ಲೆಕ್ಕ. ಫೋಟೊದಲ್ಲಿ ಕೋಲು ನಿಂತಿಲ್ಲ. ಪೂರ್ತಿ ಹೊರಬಂದು ಕಲ್ಲಿನ ಮೇಲೆ ಅಡ್ಡ ಬಿದ್ದಿದೆ. ಕೆಳಗೆ ಬರೆದಿದ್ದಾಳೆ: "ಅಕ್ಕಾ, ನಮ್ಮ ಕೋಲೂ ಮಲಗಿಬಿಡ್ತು. ನೀನು ಯಾವಾಗ ಮಲಗ್ತೀಯ?"

ಜೂನ್ 29, ಭಾನುವಾರ

ವರ್ಷಾಳ ಫೋನು ಬಂತು. ಅವಳ ಡೇರೆ ಇರುವುದು ಹಿಮದ ಕೆರೆಯೊಂದರ ಮೇಲಿನ ದಿಬ್ಬದಲ್ಲಿ. ಅಲ್ಲಿ ಸಿಗ್ನಲ್ ಇಲ್ಲ. ಪ್ರತಿ ಭಾನುವಾರ ಕೊನೆಯ ಹಳ್ಳಿಯ ಸೇತುವೆಯವರೆಗೆ ಇಳಿದು ಬಂದು ಫೋನು ಮಾಡುತ್ತಾಳೆ. ಭಾನುವಾರ ಫೋನು ಬರದಿದ್ದರೆ ನಾನು ಅವಳ ಆಫೀಸಿನ ಕುನಾಲ್‌ಗೆ ತಿಳಿಸಬೇಕು. ಇದು ನಮ್ಮಿಬ್ಬರ ಕರಾರು.

"ಹೇಗಿದ್ದಾಳೆ ನನ್ನ ಹುಡುಗಿ?"

"ಹುಡುಗಿ ಚೆನ್ನಾಗಿದಾಳೆ. ನಾನು ಇಡ್ಲಿ ಥರ ಬೇಯ್ತಿದೀನಿ."

"ಕಿವಿ ಕಟ್ಟಿದಾರಾ? ಫೋಟೊ ಕಳಿಸೇ, ಪ್ಲೀಸ್ ಪ್ಲೀಸ್. ನಮ್ಮ ಟೆಂಟಲ್ಲಿ ಹಾಕ್ಕೋತೀನಿ."

"ಹೋಗೇ. ಆ ನಿನ್ನ ಕೆರೆ ಹೇಗಿದೆ?"

ಅವಳ ದನಿ ಬದಲಾಯಿತು. ಕೆಲಸದ ಮಾತು ಬಂದರೆ ಯಾವಾಗಲೂ ಹಾಗೆ. "ಹೋದ ವರ್ಷಕ್ಕಿಂತ ತುಂಬಾ ಬೆಳೆದಿದೆ ಕಣೇ. ಮೇಲೆ ಗ್ಲೇಸಿಯರ್ ಕರಗ್ತಾನೇ ಇದೆ, ಎಲ್ಲಾ ಇಲ್ಲಿಗೇ ಬರ್ಬೇಕು. ಏರಿ ಅಂದ್ರೆ ಯಾರೂ ಕಟ್ಟಿದ್ದಲ್ಲ, ಗ್ಲೇಸಿಯರ್ ತಳ್ಕೊಂಡು ಬಂದು ಬಿಟ್ಟುಹೋದ ಕಲ್ಲು ಮಣ್ಣಿನ ಗುಡ್ಡೆ. ಅದರ ಕಾಲಡಿ ನೀರು ಸೋರ್ತಿದೆ."

"ಸೋರಿದ್ರೆ?"

"ತಿಳಿಯಾಗಿ ಸೋರಿದ್ರೆ ಪರವಾಗಿಲ್ಲ. ಕದಡಿ ಬಂದ್ರೆ ಒಳಗಿಂದ ಮಣ್ಣು ಕೊಚ್ಕೊಂಡು ಹೋಗ್ತಿದೆ ಅಂತ."

"ಈಗ?"

"ತಿಳಿನೇ. ಸ್ವಲ್ಪ ಟೀ ಥರ."

"ತಿಳಿನೋ ಟೀನೋ, ಸರಿಯಾಗಿ ಹೇಳು."

ನಕ್ಕಳು. "ಮಂಗಳವಾರ ಇಳಿದುಬಿಡ್ತೀವಿ ಮಾರಾಯ್ತಿ. ಮಳೆ ಶುರುವಾಗುತ್ತೆ, ಸೀಸನ್ ಮುಗೀತು, ಆಫೀಸಿಂದ ಆರ್ಡರ್ ಬಂದಿದೆ. ನೀನು ಮಲಗು."

ಇವಳೂ ಅದನ್ನೇ ಹೇಳಿದಳು.

ಜುಲೈ 1, ಮಂಗಳವಾರ

ನಿನ್ನೆ ರಾತ್ರಿ ಮಲಗಿದೆ. ನಿಜವಾಗಿ ಮಲಗಿದೆ, ಕನಸೂ ಬಿದ್ದಿತು. ಎದ್ದು ಫೋನು ಹುಡುಕಿದರೆ ಇಲ್ಲ. ವೀರೇಶನ ತಾಯಿ ಅದನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದರು. ಡಬ್ಬಿಯ ಪಕ್ಕದಲ್ಲಲ್ಲ, ಹಿಟ್ಟಿನೊಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ!

"ಬಾಣಂತಿ ಫೋನ್ ನೋಡಿದ್ರ ಕಣ್ಣ ಹೋಗ್ತಾವ. ನಿನ್ನ ತಂಗಿ ಮಾಡಿದ್ಲವಾ. ನಾನ ತಗೊಂಡೆ."

"ಯಾವಾಗ? ನನ್ನನ್ನ ಎಬ್ಬಿಸೋದಲ್ವಾ ಅತ್ತೆ?"

"ಈಗರ ಕಣ್ಣ ಹತ್ತಿತ್ತು ನಿನಗ. ಆರಾಮ ಅದಾಳ. ಇಳದ ಬರಾಕತ್ತಾಳಂತ." ಹಾಗೆನ್ನುವಾಗ ನನ್ನ ಕಡೆ ನೋಡಲಿಲ್ಲ. ಫೋನಿಗೆ ಮೆತ್ತಿದ ಹಿಟ್ಟನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು.

ಮಧ್ಯಾಹ್ನ ಅವ್ವ, ಮಗ ಮನೆ ಹಿಂದಿನ ಮರದ ಡೆಕ್ಕಿನ ಮೇಲೆ ನಿಂತು ಪಿಸುಗುಟ್ಟುತ್ತಿದ್ದರು. ನಾನು ಬಾಗಿಲು ಸರಿಸಿದ ಕೂಡಲೇ ಟೊಮೆಟೊ ಗಿಡದ ಮಾತು ತೆಗೆದರು. ನನ್ನ ಬಗ್ಗೆಯೇ ಇರಬೇಕು. ಮಾತಾಡಿಕೊಳ್ಳಲಿ.

ಸಂಜೆ ಇನ್ನೊಂದು. ಫ್ರಿಜ್ಜಿನ ಐಸ್ ಡಬ್ಬಿ ಎಳೆದು, ಸಿಂಕಿನಲ್ಲಿ ಬೋರಲು ಹಾಕಿ, ಬಿಸಿನೀರಿನ ನಲ್ಲಿ ಬಿಟ್ಟು ನಿಂತಿದ್ದರು. "ಬಾಣಂತಿ ಇರೋ ಮನ್ಯಾಗ ಇಷ್ಟ್ಯಾಕ ಬರಫ?" ನಾನು ಚೀರಿದೆ. ಕರೆಂಟು ಸುಟ್ಟು ಮಾಡಿದ ಐಸನ್ನು ಗ್ಯಾಸು ಸುಟ್ಟು ಕಾಯಿಸಿದ ನೀರಿನಿಂದ ಕರಗಿಸುವುದು! ಚೀರಿದ್ದಕ್ಕೆ ಮಗು ಎದ್ದು ಅತ್ತಿತು, ವೀರೇಶ ಮೀಟಿಂಗಿನಿಂದ ಹೆಡ್‌ಸೆಟ್ಟು ಸಮೇತ ಓಡಿ ಬಂದ.

"ಏನಾತು?"

"ನಿಮ್ಮಮ್ಮನ್ನೇ ಕೇಳು."

ಸಿಂಕು ನೋಡಿದ. "ಬರೀ ಐಸ್ ಅದ ಚೇತನಾ."

ಬರೀ ಐಸ್. ಒಂದು ದಿನ ಇಡೀ ಪ್ರಪಂಚ ಈ ಎರಡು ಮಾತನ್ನೇ ಹೇಳಿ ಭುಜ ಕುಣಿಸುತ್ತದೆ.

ಜುಲೈ 3, ಗುರುವಾರ

ವರ್ಷಾ ಡೆಹ್ರಾಡೂನ್ ಮುಟ್ಟಿರಬೇಕು. ಒಂದು ಮೆಸೇಜಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. "ಮಳಿಗಾಲ ಅಲ್ಲೇನು, ಗುಡ್ಡ ಕುಸಿದು ಬಸ್ಸು ನಿಂತಿರ್ತಾವ" ಅಂದ ವೀರೇಶ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ. ಇರಬಹುದು. ಇಲ್ಲದಿದ್ದರೆ ಬಿಸಿನೀರಿನ ಸ್ನಾನ, ಗೆಳತಿಯರು, ಮೊಮೊ. ಊರು ಸಿಕ್ಕ ಮೇಲೆ ಅಕ್ಕ ಯಾಕೆ ಬೇಕು? ನಾನೂ ಮತ್ತೆ ಮಾಡುವುದಿಲ್ಲ.

ಜುಲೈ 5, ಶನಿವಾರ

ನಿನ್ನೆ ಇವರ ಸ್ವಾತಂತ್ರ್ಯ ದಿನದ ಪಟಾಕಿ. ಮಗು ಒಂದೊಂದು ಸದ್ದಿಗೂ ಎರಡೂ ಕೈ ಅಗಲಿಸಿ ಬೆಚ್ಚಿತು. ಲೋಬಾನ ಹಾಕಿದರೆ ಸುಮ್ಮನಾಗುತ್ತದೆಂದು ಅತ್ತೆ ಹಾಕಿದರು, ಸ್ಮೋಕ್ ಅಲಾರಂ ಹೊಡೆದುಕೊಂಡಿತು. ವೀರೇಶ ಟವೆಲ್ಲು ಬೀಸುತ್ತ ಕುರ್ಚಿ ಹತ್ತಿ ನಿಂತ. ಬೇರೆ ದಿನವಾಗಿದ್ದರೆ ನಗಬಹುದಿತ್ತು.

ಇವತ್ತು ಪಕ್ಕದೂರು ಲಿಸ್ಲ್‌ನಿಂದ ಸರಳಾ ಆಂಟಿ, ಉಪೇಂದ್ರ ಅಂಕಲ್ ಮಗು ನೋಡಲು ಬಂದಿದ್ದರು. ಇಬ್ಬರೂ ಡಾಕ್ಟರು. ಅಂಟಿನುಂಡೆ ತಂದಿದ್ದರು, ಜೊತೆಗೆ ಅಲಾಸ್ಕ ಕ್ರೂಸಿನ ವಿಡಿಯೊ. ನಮ್ಮ ಟಿವಿಗೇ ಜೋಡಿಸಿ ತೋರಿಸಿದರು.

"ಈಗ ಬೀಳುತ್ತೆ ನೋಡಮ್ಮ. ಇರು, ಇರು… ಈಗ!" ಅಂಕಲ್ ಸೋಫಾದ ಅಂಚಿಗೆ ಬಂದಿದ್ದರು. ನೀಲಿ ಹಿಮದ ಗೋಡೆಯೊಂದು ಮುಖ ಕಳಚಿಕೊಂಡು ಸಮುದ್ರಕ್ಕೆ ಕುಸಿಯಿತು. ಹಡಗಿನ ತುಂಬ ಚಪ್ಪಾಳೆ, ಶಿಳ್ಳೆ. ಆ ಚಪ್ಪಾಳೆಯ ನಡುವೆ ಆಂಟಿಯ ದನಿಯೂ ಇತ್ತು.

"ಹೋಗೋದಾದ್ರೆ ಈಗಲೇ ಬುಕ್ ಮಾಡ್ಬಿಡಿ ವೀರೇಶ್. ಮಗು ದೊಡ್ಡದಾಗೋ ಹೊತ್ತಿಗೆ ನೋಡೋಕೇ ಸಿಗಲ್ವಂತೆ" ಅಂದರು ಆಂಟಿ.

"ಅಂಕಲ್, ನಿಮ್ಮ ಐಸಿಯು ಮುಂದೆ ಯಾರಾದ್ರೂ ನಿಂತು ಚಪ್ಪಾಳೆ ತಟ್ತಾರಾ?" ಕೇಳಿಬಿಟ್ಟೆ.

ಟಿವಿಯಲ್ಲಿ ಇನ್ನೊಂದು ತುಂಡು ಬಿತ್ತು. ಅತ್ತೆ ನಡುವೆ ಬಂದರು. "ಬಾಣಂತಿ ಅಲ್ಲೇನ್ರಿ, ನಿದ್ದಿಲ್ಲ ಆಕೀಗೆ. ಮನಸಿನ್ಯಾಗ ಇಟ್ಕೋಬ್ಯಾಡ್ರಿ." ಹೊರಡುವಾಗ ಆಂಟಿ ಬಾಗಿಲ ಬಳಿ ವೀರೇಶನಿಗೆ ಮೆಲ್ಲಗೆ ಹೇಳಿದ್ದು ನನ್ನ ಹತ್ತಿ ತುರುಕಿದ ಕಿವಿಗೂ ಬಿತ್ತು: "ಒಂದ್ಸಲ ತೋರಿಸ್ಬಿಡಿ. ಡೆಲಿವರಿ ಆದ್ಮೇಲೆ ಕೆಲವರಿಗೆ ಹೀಗೆ ಸಿಟ್ಟು ಬರುತ್ತೆ. ಮಾತ್ರೆ ಇದೆ ಅದಕ್ಕೆ."

ಮಾತ್ರೆ ಇದೆಯಂತೆ! ಹಿಮ ಉಳಿಯಲು ಇದೆಯೇ? ನಾನು ಏನು ಹೇಳಿದರೂ ಅದು ಬಾಣಂತಿಯ ಮಾತು. ನಾಳೆ ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗಿದರೂ ಇವಳಿಗೆ ನಿದ್ದೆಯಿಲ್ಲ ಪಾಪ ಎನ್ನುತ್ತಾರೆ.

ನಲವತ್ತು ದಿನ ಹೊಸ್ತಿಲು ದಾಟಬಾರದೆಂದು ಅತ್ತೆ ಕೂಗುತ್ತಿದ್ದರೂ ಸ್ಟ್ರಾಲರ್ ತಳ್ಳಿಕೊಂಡು ಹೊರಟೆ. ನಮ್ಮ ಬಡಾವಣೆಯ ಬಾಗಿಲಲ್ಲಿ, ಕೊಳದ ಪಕ್ಕ, ಒಂದು ದೊಡ್ಡ ಬಂಡೆಯಿದೆ. ಸುತ್ತ ಪೆಟೂನಿಯ ಹೂಗಿಡ ನೆಟ್ಟಿದ್ದಾರೆ. ಹೋದ ವರ್ಷ ವರ್ಷಾ ಶಿಕಾಗೋಗೆ ಕಾನ್ಫರೆನ್ಸಿಗೆ ಬಂದಾಗ ಕಾರು ನಿಲ್ಲಿಸಲು ಹೇಳಿ, ಇಳಿದು ಅದರ ಬೆನ್ನು ಸವರಿದ್ದಳು. "ಇದು ಈ ಊರಿನ ಕಲ್ಲಲ್ಲ ಅಕ್ಕಾ. ಉತ್ತರದಿಂದ ಐಸ್ ಎಳ್ಕೊಂಡು ಬಂದು ಇಳಿಸಿ ಹೋಗಿದ್ದು. ನೋಡು, ಎಳೆದ ಗೀರು. ನಿಮ್ಮ ಲೇಕ್ ಮಿಶಿಗನ್ನೂ ಅದು ತೋಡಿದ್ದೇ. ನೀನು ಮನೆ ಮಾಡಿರೋದೇ ಗ್ಲೇಸಿಯರ್ ಬಿಟ್ಟುಹೋದ ದಿಬ್ಬದ ಮೇಲೆ." ಹೋಗಿಬರುವವರು ನೋಡುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಇವತ್ತು ಮಗುವಿನ ಅಂಗೈಯನ್ನು ಆ ಗೀರಿನ ಮೇಲೆ ಇಟ್ಟೆ. ಕಲ್ಲು ಬಿಸಿಲಿಗೆ ಸುಡುತ್ತಿತ್ತು. ತಕ್ಷಣ ತೆಗೆದೆ.

ಜುಲೈ 6, ಭಾನುವಾರ

ವೀರೇಶ ಬೆಳಿಗ್ಗೆ ಮಿಶಿಗನ್ನಿನ ಕ್ಯಾಂಟನ್‌ಗೆ ಹೊರಟುಹೋದ. ಹೊಸ ಇಂಜಿನ್ನಿನ ಲಾಂಚ್, ವಾರವಿಡೀ ಅಲ್ಲೇ. ನಾಲ್ಕೂವರೆ ಗಂಟೆ ಡ್ರೈವ್. ಎಂಟು ಸೀಟಿನಲ್ಲಿ ಒಬ್ಬ.

ವರ್ಷಾಳಿಂದ ಇವತ್ತೂ ಏನಿಲ್ಲ.

ಅತ್ತೆಗೆ ಏನೋ ಆಗಿದೆ. ನಿನ್ನೆ ರಾತ್ರಿಯಿಂದ ನನ್ನ ಫೋನನ್ನು ತಾವೇ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಾರೆ. ಕೇಳಿದಾಗ ಕೊಟ್ಟರು, ಮತ್ತೆ ಹತ್ತು ನಿಮಿಷಕ್ಕೆ ಬಂದು "ಯಾರರ ಮಾಡಿದ್ರೇನವಾ?" ಅಂದರು. ಸಂಜೆ ರೊಟ್ಟಿ ಬಡಿಯುತ್ತ ಇದ್ದಕ್ಕಿದ್ದಂತೆ ಕೇಳಿದರು:

"ಅಲ್ಲೆ ಇನ್ನ ಆದಿತ್ಯವಾರ ಐತೇನವಾ?"

"ಎಲ್ಲಿ?"

"ನಮ್ಮ ಕಡೆ. ಇಂಡಿಯಾದಾಗ."

"ಅಲ್ಲಿ ಆಗಲೇ ಸೋಮವಾರ ಅತ್ತೆ. ಬೆಳಗಾಗ್ತಿರುತ್ತೆ."

ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಹಂಚಿನ ಮೇಲೆ ರೊಟ್ಟಿ ಕರಟಿ ಹೋಯಿತು. ಬಿಪಿ ಮಾತ್ರೆ ಮರೆತಿರಬೇಕು. ಬೈದೆ. ನೀರು ಕೊಟ್ಟೆ. ಇನ್ನು ಇವರನ್ನೂ ನಾನೇ ನೋಡಿಕೊಳ್ಳಬೇಕು.

ಜುಲೈ 8, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಬೆಳಿಗ್ಗೆ ಅತ್ತೆ ಮಗುವಿಗೆ ನೀರು ಹಾಕುತ್ತಿದ್ದರು. ಟಬ್ಬಿನ ಅಂಚಿನಲ್ಲಿ ಕಾಲು ಚಾಚಿ, ಮಗುವನ್ನು ಆ ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡು, ಬೆನ್ನ ಮೇಲೆ ಎಣ್ಣೆ ತಿಕ್ಕುತ್ತ, ತಲೆ ಎತ್ತದೆ ಹೇಳಿದರು: "ಚೇತನಾ, ನಾ ಒಂದ ಮಾತ ಮುಚ್ಚಿಟ್ಟೀನಿ."

ಆ ದಿನ ವರ್ಷಾ ಫೋನು ಮಾಡಿದ್ದು ಇಳಿದು ಬರುತ್ತೇನೆಂದು ಹೇಳಲು ಅಲ್ಲ. ನೀರು ಟೀ ಬಣ್ಣಕ್ಕಿಂತ ಗಾಢವಾಗಿದೆ, ಉಳಿದವರನ್ನು ಕಳಿಸಿ ತಾನೂ ಅನುಜ ಎಂಬ ಸಹಾಯಕನೂ ಇನ್ನೊಂದು ವಾರ ಮೇಲೇ ಇದ್ದು ಕೆರೆ ಕಾಯುತ್ತೇವೆ, ಆಫೀಸಿಗೂ ಇಳಿದವರಿಗೂ ರಜೆಯಲ್ಲಿ ಊರಿಗೆ ಹೋಗುತ್ತೇವೆಂದು ಹೇಳಿದ್ದೇವೆ, ನಿಜ ಹೇಳಿದರೆ ಬಿಡುವುದಿಲ್ಲ, ಭಾನುವಾರ ಸೇತುವೆಗೆ ಬಂದು ಫೋನು ಮಾಡುತ್ತೇನೆ. ಮಾಡದಿದ್ದರೆ ಅಕ್ಕ ಕೂಡಲೇ ಕುನಾಲ್‌ಗೆ ಹೇಳಲಿ. ಇದು ಅವಳು ಹೇಳಿದ್ದು. ಇವರು ಮಗನಿಗೆ ಹೇಳಿದರು. ಮಗ, "ಆಕೀಗೆ ಹೇಳಬ್ಯಾಡವ್ವ, ಮೊದಲ ನಿದ್ದಿಲ್ಲ. ಆದಿತ್ಯವಾರ ನಾ ನೋಡ್ಕೋತೀನಿ" ಅಂದ. ಬಾಣಂತಿಗೆ ಕೆಟ್ಟ ಸುದ್ದಿ ಹೇಳಬಾರದು, ಎದೆಹಾಲು ಇಂಗುತ್ತದೆ. ಡೆಕ್ಕಿನ ಮೇಲೆ ಟೊಮೆಟೊ ಗಿಡದ ಪಕ್ಕ ನಿಂತು ತೀರ್ಮಾನಿಸಿದ್ದು ಅದು.

ಕುನಾಲ್‌ಗೆ ಫೋನು ಹಚ್ಚಿದೆ. ಹಿಂದಿಯಲ್ಲಿ ಅವನು ಅಂದ: "ದೀದಿ, ವರ್ಷಾ ರಜೆಯಲ್ಲಿ ನಿಮ್ಮೂರಿಗೆ ಹೋಗಿದ್ದಾಳಲ್ಲವೇ?" ಇಲ್ಲ, ಅವಳು ಮೇಲೇ ಇದ್ದಾಳೆ ಅಂದಾಗ ಅವನು ಹೇಳಿದ: ಕೆರೆ ಸೋಮವಾರ ನಸುಕಿನಲ್ಲಿ ಒಡೆದಿದೆ. ಸೇತುವೆ ಇಲ್ಲ. ಮೇಲೆ ಯಾರೂ ಇಲ್ಲ ಎಂದುಕೊಂಡು ಯಾರನ್ನೂ ಹುಡುಕಲು ಕಳಿಸಿಲ್ಲ.

ಸೋಮವಾರ ನಸುಕು. ಇಲ್ಲಿ ಭಾನುವಾರ ಸಂಜೆ. ರೊಟ್ಟಿ ಕರಟಿದ ಹೊತ್ತು.

ವೀರೇಶನಿಗೆ ಮಾಡಿದೆ. ಹಿಂದೆ ಫ್ಯಾಕ್ಟರಿಯ ಸದ್ದು.

"ನೀ ಮೊದಲ ಮಲಗಂಗಿಲ್ಲ ಚೇತನಾ, ಅದಕ್ಕ…"

"ನನ್ನ ನಿದ್ದೆ ಕಾಯೋಕೆ ನನ್ನ ತಂಗಿನ ಬಿಟ್ಟುಕೊಟ್ರಾ?"

"ನಾ ನೋಡ್ಕೊಳ್ಳಾವನ ಇದ್ದೆ. ಖರೇನ. ಇಲ್ಲೆ ಲಾಂಚ್ ಗದ್ದಲದಾಗ… ಆದಿತ್ಯವಾರ ಹೋಗೇಬಿಡ್ತು."

"ಹೋಗೇಬಿಡ್ತು. ಎಷ್ಟು ಸಲೀಸಾಗಿ ಹೇಳ್ತೀಯೋ!"

"ಹೊಂಡತೀನಿ. ಈಗ ಹೊಂಡತೀನಿ."

ಆ ಹೆಂಗಸಿಗೆ ಹೇಳಬಾರದ್ದನ್ನೆಲ್ಲ ಹೇಳಿದೆ. ಬಾಯಿಗೆ ಬಂದದ್ದು, ಬರಬಾರದ್ದು. ಕಿವಿಯ ಬಟ್ಟೆ ಕಿತ್ತು ಮುಖದ ಮೇಲೆ ಎಸೆದೆ. ಅವರು ಮಗುವನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಿಂತೇ ಇದ್ದರು. ಒದ್ದೆ ಸೀರೆಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ಬೈಯವಾ. ನಿಲ್ಲಸಬ್ಯಾಡ" ಅಂದರು.

ಜುಲೈ 9, ಬುಧವಾರ

ಕುನಾಲ್ ಎರಡು ಸಲ ಮಾಡಿದ.

ಹಳ್ಳಿಯವರೆಲ್ಲ ಬದುಕಿದ್ದಾರೆ. ಎಲ್ಲರೂ. ಭಾನುವಾರ ಮಧ್ಯಾಹ್ನವೇ ಗುಡ್ಡ ಹತ್ತಿ ಕುಳಿತಿದ್ದರು, ದನಕರು ಸಮೇತ. ಕೋಲು ನೆಡುವ ಹುಡುಗಿ ಓಡಿ ಬಂದು, ನೀರು ಕೆಸರಾಗಿದೆ ಎಂದು ಮನೆಮನೆಯ ಬಾಗಿಲು ಬಡಿದಳಂತೆ. ಒಬ್ಬ ಮುದುಕ ಬರುವುದಿಲ್ಲವೆಂದು ಕೂತಾಗ ಅವನ ಹುಕ್ಕಾ ಎತ್ತಿಕೊಂಡು ಓಡಿದಳಂತೆ, ಅವನು ಬೈಯುತ್ತ ಹಿಂದೆಯೇ ಗುಡ್ಡ ಹತ್ತಿದನಂತೆ. ಇದು ವರ್ಷಾಳೇ. ಬೇರೆ ಯಾರೂ ಅಲ್ಲ.

ಆಮೇಲೆ ಸೇತುವೆಯ ಮೇಲೆ ನಿಂತು ಫೋನು ಎತ್ತಿ ಎತ್ತಿ ಹಿಡಿದಳಂತೆ. ಟವರಿಗೆ ಡೀಸೆಲ್ ಇರಲಿಲ್ಲ, ಸಿಗ್ನಲ್ ಸತ್ತಿತ್ತು. "ಪರವಾಗಿಲ್ಲ, ಫೋನ್ ಬರದಿದ್ದರೆ ಏನು ಮಾಡಬೇಕು ಅಂತ ನಮ್ಮಕ್ಕನಿಗೆ ಗೊತ್ತು" ಎಂದು ಅಂಗಡಿಯವನಿಗೆ ಹೇಳಿ ಮತ್ತೆ ಮೇಲೆ ಹೋದಳಂತೆ. ಅನುಜನ ಕಾಲು ಉಳುಕಿತ್ತು, ಡೇರೆಯಲ್ಲಿದ್ದ. ಡೇರೆ ಎತ್ತರದಲ್ಲಿದೆ, ನೀರು ಅಲ್ಲಿಗೆ ಹೋಗುವುದಿಲ್ಲ. ದಾರಿ ಮಾತ್ರ ಕಣಿವೆಯೊಳಗೆ. ನೀರು ಬರುವುದಕ್ಕೆ ಮೊದಲು ಅವಳು ಕಣಿವೆ ದಾಟಿದಳೋ ಇಲ್ಲವೋ ನೋಡಿದವರಿಲ್ಲ.

ನಮ್ಮಕ್ಕನಿಗೆ ಗೊತ್ತು.

ಮೋಡ ಮುಚ್ಚಿ ಹೆಲಿಕಾಪ್ಟರು ಏರುತ್ತಿಲ್ಲ. ತಂಡವೊಂದು ನಡೆದು ಹೊರಟಿದೆ, ಕುನಾಲೂ ಅದರಲ್ಲಿದ್ದಾನೆ. ಅವರ ಗುರುವಾರ ಮಧ್ಯಾಹ್ನ ಡೇರೆ ಮುಟ್ಟುತ್ತಾರೆ. ನಮಗಿಲ್ಲಿ ಬೆಳಗಾಗುವುದರೊಳಗೆ.

ಟಿವಿಯಲ್ಲಿ ಪ್ರಕೃತಿ ವಿಕೋಪ ಎಂದರು. ಪ್ರಕೃತಿಯ ತಲೆಗೆ ಕಟ್ಟಿ ಎಲ್ಲರೂ ಕೈ ತೊಳೆದುಕೊಂಡರು. ಆ ಕೆರೆ ತಾನಾಗಿ ತುಂಬಲಿಲ್ಲ. ಒಂದೊಂದು ಚೊಂಬು ಹೊಯ್ದವರು ಎಷ್ಟು ಜನ ಬೇಕು, ನನ್ನ ಬೀದಿಯಲ್ಲೇ ತೋರಿಸುತ್ತೇನೆ. ಯಾರೂ ಇಲ್ಲದ ಕೋಣೆಗೆ ಎಸಿ, ಯಾರೂ ತಿನ್ನದ ಐಸು, ಚಪ್ಪಾಳೆ ತಟ್ಟಲು ಹಡಗು, ಒಬ್ಬನಿಗೆ ಎಂಟು ಸೀಟು. ನನ್ನ ಡೈಪರ್ ಚೀಲವೂ ಅದರಲ್ಲಿದೆ, ಗೊತ್ತು. ಸರಳಾ ಆಂಟಿ ಕೈಮುಗಿದ ಚಿತ್ರವೊಂದನ್ನು ಕಳಿಸಿದ್ದಾರೆ. ಉತ್ತರ ಕೊಡಲಿಲ್ಲ.

ವೀರೇಶ ನಿನ್ನೆಯೇ ಬಂದ. ಗರಾಜಿನಲ್ಲಿ ಗಾಡಿಯ ಪಕ್ಕ ನೆಲದ ಮೇಲೆ ಕೂತಿದ್ದ. ಒಳಗೆ ಬಾ ಎನ್ನಲಿಲ್ಲ ನಾನು. ಅತ್ತೆಯೇ ಹೋಗಿ ಎಬ್ಬಿಸಿಕೊಂಡು ಬಂದರು. ಬಂದವನು ಫ್ರಿಜ್ಜಿನ ಹಿಂದೆ ಕೈ ಹಾಕಿ ಐಸ್ ಮೇಕರಿನ ನೀರು ಬಂದ್ ಮಾಡಿದ. ಪ್ರತಿ ಸಲ ಅದು ಸುರಿದಾಗಲೂ ನಾನು ಫೋನು ಎಂದು ಓಡುತ್ತಿದ್ದೆ.

ಅತ್ತೆ ನಿನ್ನೆಯಿಂದ ಉಂಡಿಲ್ಲ. ನನಗೆ ಮಾತ್ರ ಮೆಣಸಿನ ಸಾರಿಗೆ ಅನ್ನ ಕಲಸಿ ತಂದು ಎದುರಿಗೆ ಕೂತರು. ಬೇಡ ಅಂದೆ. "ಕೂಸಿನ ಸಲುವಾಗಿ" ಅಂದರು. ತಿಂದೆ. ತಿನ್ನುತ್ತಿದ್ದ ಹಾಗೇ ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ ಅಂದರು: "ನಾ ವೀರೇಶನ ಬಾಣಂತಿ ಇದ್ದಾಗ ನಮ್ಮಪ್ಪ ಸತ್ತ. ಮೂರು ತಿಂಗಳ ಯಾರೂ ಹೇಳಲಿಲ್ಲ ನನಗ. ಅಪ್ಪ ಯಾಕ ಕೂಸು ನೋಡಾಕ ಬರಲಿಲ್ಲ ಅಂತ ಸಿಟ್ಟಿಗೆದ್ದ ಕುಂತಿದ್ದೆ. ಗೊತ್ತಾದಾಗ ನಮ್ಮತ್ತೀನ ಹಿಂಗ ಬೈದಿದ್ದೆ, ನಿನ್ನಂಗ. ಮರತಬಿಟ್ಟಿದ್ನವಾ. ಪೂರಾ ಮರತಬಿಟ್ಟಿದ್ದೆ."

ಸಾರು ಖಾರವಾಗಿತ್ತು. ತಟ್ಟೆ ನಾನೇ ತೊಳೆದೆ. ಅವರಿಗೂ ಒಂದು ತುತ್ತು ತಿನ್ನಿಸಿದೆ, ಬಿದ್ದುಗಿದ್ದರೆ ಮಗುವನ್ನು ನೋಡುವವರು ಯಾರು?

ಜುಲೈ 10, ಗುರುವಾರ

ಇನ್ನೂ ಕತ್ತಲೆ. ಮನೆಯಲ್ಲಿ ಒಂದು ಸದ್ದಿಲ್ಲ. ವೀರೇಶನ ಅವ್ವ ಮಗುವಿನ ತೊಟ್ಟಿಲ ಪಕ್ಕ ಕೂತಿದ್ದಾರೆ, ಮಡಿಲಲ್ಲಿ ನನ್ನ ಫೋನು. ಎರಡೂ ಕೈ ಅದರ ಮೇಲೆ. ವೀರೇಶ ಮೆಟ್ಟಿಲ ಮೇಲೆ.

ಅಭ್ಯಾಸಬಲದಿಂದ ನಾನೇ ಕಿವಿಗೆ ಆ ಸೀರೆಯ ತುಂಡು ಸುತ್ತಿಕೊಂಡಿದ್ದೆ ಎಂದು ಕಾಣುತ್ತದೆ. ಯಾವಾಗ ಸುತ್ತಿಕೊಂಡೆನೋ. ಅವ್ವ ಎದ್ದು ಬಂದು ಗದ್ದದ ಕೆಳಗಿನ ಗಂಟನ್ನು ಹಲ್ಲಿನಿಂದ ಬಿಡಿಸಿ, ಎರಡೂ ಕಿವಿಯ ಹತ್ತಿ ತೆಗೆದರು.

"ಬ್ಯಾಡವಾ. ಬಾರಿಸಿದ್ರ ಮೊದಲ ನಿನಗ ಕೇಳಬೇಕು."

"ಗಾಳಿ ಹೊಗುತ್ತೆ ಅವ್ವಾ."

"ಹೊಗಲಿ."

ಯಾರಿಗೂ ತೋರಿಸಬಾರದೆಂದು ಬರೆಯಲು ಕುಳಿತದ್ದು ಇದು. ಇನ್ನು ಹಾಗಲ್ಲ. ವರ್ಷಾ, ಇದನ್ನು ನೀನು ಓದಬೇಕು, ಒಂದಕ್ಷರ ಬಿಡದೆ, ನಾನು ಎದುರಿಗೆ ಕೂತಿರುವಾಗ. ನಿನ್ನನ್ನು ಬೈದಿರುವ ಕಡೆ ನೀನು ನಗಬೇಕು. ಮೊಮೊ ತಿನ್ನುತ್ತಿದ್ದಾಳೆ ಎಂದು ಬರೆದಿದ್ದೇನೆ ನೋಡು, ನೀನು ಕೆಸರು ನೀರು ಕಾಯುತ್ತಿದ್ದಾಗ.

ಅಕ್ಕನಿಗೆ ಗೊತ್ತು ಅಂದೆಯಂತೆ. ಗೊತ್ತಿರಲಿಲ್ಲ ಕಣೇ. ನನಗೆ ಹೇಳಲೇ ಇಲ್ಲ. ಅದನ್ನು ನಾನೇ ನಿನ್ನ ಕಿವಿಗೆ ಹಾಕಬೇಕು, ಬೇರೆ ಯಾರೂ ಅಲ್ಲ.

ಕುನಾಲ್ ಈಗ ಡೇರೆಯ ಹತ್ತಿರ ಇರುತ್ತಾನೆ. ಅವನ ಕೈಯಲ್ಲಿ ತಂಡದ ಸ್ಯಾಟಲೈಟ್ ಫೋನು ಇದೆ. ಕಿತ್ತುಕೋ. ಬಾಣಂತಿ ಅಂತ ನೋಡಬೇಡ. ನಿದ್ದೆ ಕೆಡುತ್ತದೆ ಅಂತ ನೋಡಬೇಡ. ಕಾಲು ಮುರಿದಿದ್ದರೂ ಹೇಳು, ಕಣಿವೆಯ ಆಚೆಗಿದ್ದರೂ ಹೇಳು, ಹೇಳುವಂಥದ್ದು ಏನೂ ಇಲ್ಲದಿದ್ದರೆ ಸುಮ್ಮನೆ ಉಸಿರಾಡು, ನಾನು ಕೇಳಿಸಿಕೊಳ್ಳುತ್ತೇನೆ. ಕಿವಿ ಬಿಚ್ಚಿದ್ದೇನೆ. ಕಿಟಕಿಯ ಪರದೆ ಬೂದಿ ಬಣ್ಣಕ್ಕೆ ತಿರುಗುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಈ ಬೀದಿಯವರೆಲ್ಲ ಎದ್ದು ಗಾಡಿ ಶುರು ಮಾಡುತ್ತಾರೆ, ಆ ಸದ್ದಿನಲ್ಲಿ ನನಗೆ ಏನೂ ಕೇಳಿಸುವುದಿಲ್ಲ. ಅದಕ್ಕೆ ಮೊದಲು. ಬೆಳಗಾಗುವುದಕ್ಕೆ ಮೊದಲು ಒಂದು ಫೋನು ಮಾಡೇ. ನಾನು ಎದ್ದೇ ಇದ್ದೇನೆ.